ನಾನು ಬೆಟ್ಟಕ್ಕೆ ಬಣ್ಣ ಬಳಿದದ್ದು

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟ ನನಗೆ ದಿಕ್ಕು ತಿಳಿಯುವುದಿಲ್ಲ. ಕರಿಹಲಗೆಯ ಮೇಲೆ ಉತ್ತರ ಯಾವಾಗಲೂ ಮೇಲುಗಡೆ ಇರುತ್ತದೆ. ಹೊರಗೆ ಬಂದು ಮೇಲೆ ನೋಡಿದರೆ ಆಕಾಶ ಇರುತ್ತದೆ. ನನ್ನ ತೊಂದರೆ ಇಷ್ಟೇ. ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಹೋಟೆಲಿನ ಒಂದು ಬಾಗಿಲಿನಿಂದ ಒಳಹೊಕ್ಕು, ಕಾಫಿ ಕುಡಿದು, ಇನ್ನೊಂದು ಬಾಗಿಲಿನಿಂದ ಹೊರಬಿದ್ದರೆ ನನ್ನ ಪಾಲಿಗೆ ಊರೇ ಬದಲಾಗಿರುತ್ತದೆ. ನನ್ನ ಹೆಂಡತಿ ಸರೋಜ ಮದುವೆಯಾದ ವರ್ಷವೇ ಇದನ್ನು ಕಂಡುಕೊಂಡು, ಸಂತೆಯಲ್ಲಿ ನನ್ನ ಕೈಗೆ ಚೀಲ ಕೊಟ್ಟು ಒಂದು ಕಡೆ ನಿಲ್ಲಿಸಿ, ತಾನೊಬ್ಬಳೇ ಹೋಗಿ ತರಕಾರಿ ತರುವ ಪದ್ಧತಿ ಮಾಡಿಕೊಂಡಳು.

ತಪ್ಪು ನನ್ನದೊಬ್ಬನದೇ ಅಲ್ಲ, ನಾನು ಹುಟ್ಟಿದ ಊರಿನದೂ ಸ್ವಲ್ಪ ಇದೆ. ಚಳ್ಳಕೆರೆಯ ಸುತ್ತ ನೆಲ ಚಪಾತಿ ಮಣೆಯಂತೆ. ಯಾವ ಕಡೆ ಹೊರಟರೂ ಹೊರಟ ಜಾಗ ಸಂಜೆಯವರೆಗೆ ಬೆನ್ನ ಹಿಂದೆ ಕಾಣುತ್ತಲೇ ಇರುತ್ತದೆ. ಎಣ್ಣೆ ಮಿಲ್ಲಿನ ಅಂಗಳದ ಶೇಂಗಾ ರಾಶಿಯೇ ನಾವು ಹುಡುಗರು ಹತ್ತಿದ ಮೊದಲ ಪರ್ವತ. ಅದರ ತುದಿ ಮುಟ್ಟುವಷ್ಟರಲ್ಲಿ ಕಾವಲುಗಾರ ಕೋಲು ಹಿಡಿದು ಬರುತ್ತಿದ್ದ. ಇಳಿಯುವ ದಾರಿ ಯಾವುದೆಂದು ಯೋಚಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಅಂಥವನನ್ನು ಇಲಾಖೆ ಮೊಳಕಾಲ್ಮುರಿಗೆ ವರ್ಗ ಮಾಡಿತು. ಅಲ್ಲಿ ಎತ್ತ ನೋಡಿದರೂ ಬೆಟ್ಟ. ಯಾರೋ ಬಂಡೆಗಳನ್ನು ಹೇರಿಕೊಂಡು ಬಂದು ಸುರಿದು, ಜೋಡಿಸಲು ನಾಳೆ ಬರುತ್ತೇನೆಂದು ಹೇಳಿ ಹೋದವರು ಮತ್ತೆ ಬರಲೇ ಇಲ್ಲವೆನ್ನುವಂಥ ಬೆಟ್ಟಗಳು. ಬಂಡೆಗಳ ಸಂದಿಯಲ್ಲೆಲ್ಲ ಕಮರ, ಕಾರೆ, ತಂಗಡಿ, ಎಲ್ಲಕ್ಕಿಂತ ಹೆಚ್ಚಾಗಿ ಸೀತಾಫಲದ ಗಿಡ. ಮಳೆ ಬಿದ್ದ ವರ್ಷ ಶ್ರಾವಣದ ಹೊತ್ತಿಗೆ ಬೆಟ್ಟ ಹಸಿರು ಹೊದ್ದು, ಇದೇನು ನಮ್ಮದೇ ಬೆಟ್ಟವೇ ಎನ್ನಿಸುವಂತೆ ನಿಂತಿರುತ್ತಿತ್ತು. ಶಾಲೆಯ ಕಿಟಕಿಯಿಂದ ಹನ್ನೊಂದು ವರ್ಷ ಅದನ್ನು ನೋಡಿದೆ. ಅದನ್ನೇ ಬೆರಳಿಟ್ಟು ತೋರಿಸಿ, ಶಿಲೆಗಳು ಹೇಗೆ ಸವೆಯುತ್ತವೆ ಎಂದು ಪಾಠ ಮಾಡಿದೆ. ಒಂದು ದಿನವೂ ಹತ್ತಲಿಲ್ಲ. ಕುರಿ ಇದ್ದವರು ಹತ್ತುತ್ತಾರೆ, ಹರಕೆ ಇದ್ದವರು ಹತ್ತುತ್ತಾರೆ. ನನಗೆ ಎರಡೂ ಇರಲಿಲ್ಲ.

ನನ್ನನ್ನು ಹತ್ತಿಸಿದವನು ಇಟಲಿಯಿಂದ ಬರಬೇಕಾಯಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ದಸರಾ ರಜೆ. ಬೆಳಗ್ಗೆ ಹತ್ತರ ಬಳ್ಳಾರಿ ಬಸ್ಸಿನಿಂದ ಒಬ್ಬ ಉದ್ದನೆಯ ಬಿಳಿಯ ಮುದುಕ ಇಳಿದ. ಹಂಪಿ ನೋಡಿ, ಸಿದ್ದಾಪುರದ ಹತ್ತಿರ ಬಂಡೆಯ ಮೇಲೆ ಹಳೆಯ ಚಕ್ರವರ್ತಿಯೊಬ್ಬ ಕೊರೆಸಿದ ಶಾಸನ ಇದೆಯೆಂದು ಕೇಳಿ ಬಂದವನು. ಬಸ್ ನಿಲ್ದಾಣದ ಜನ ಒಂದು ಕ್ಷಣವೂ ಯೋಚಿಸದೆ, ಇಂಗ್ಲಿಷ್ ಬರುವ, ದೇಶವಿದೇಶದ ದಾರಿ ಗೊತ್ತಿರುವ ಮನುಷ್ಯ ಎಂದು ಆತನನ್ನು ನಮ್ಮ ಮನೆಗೆ ಕರೆತಂದು ಬಿಟ್ಟರು. ಆತನ ಇಂಗ್ಲಿಷು ನನ್ನದಕ್ಕಿಂತ ಕಡಿಮೆ ಎಂದು ಎರಡೇ ಮಾತಿಗೆ ತಿಳಿಯಿತು. ನನಗೆ ಬಹಳ ಧೈರ್ಯ ಬಂತು.

ಹೆಸರು ಬ್ರೂನೊ. ತನ್ನ ಊರಲ್ಲಿ ಅಂಚೆಯವನಾಗಿದ್ದು ನಿವೃತ್ತಿಯಾದವನು. ಊರೆಂದರೆ ಬೆಟ್ಟದ ಮಡಿಲಲ್ಲಿ ಕಲ್ಲಿನ ಮನೆಗಳ ಒಂದು ಗುಂಪು, ಸುತ್ತಲೂ ಕಾಡು. ಆ ಕಾಡಿನ ತುಂಬ ಕಾಲುದಾರಿಗಳು. ಇದ್ದಿಲು ಸುಡುವವರು, ಹೇಸರಗತ್ತೆ ಹೊಡೆಯುವವರು ನಡೆದು ನಡೆದು ಮಾಡಿದ್ದು. ಈಗ ಅವರಾರೂ ಇಲ್ಲ. ಆದರೂ ಊರಿನ ಮುದುಕರೆಲ್ಲ ವರ್ಷಕ್ಕೊಮ್ಮೆ ಕುಡುಗೋಲು ಹಿಡಿದು ಹೋಗಿ ಆ ದಾರಿಗಳ ಮೇಲಿನ ಪೊದೆ ಸವರುತ್ತಾರೆ. ದಾರಿ ತಪ್ಪದಿರಲೆಂದು ಅಲ್ಲಲ್ಲಿ ಕಲ್ಲಿಗೋ ಮರಕ್ಕೋ ಒಂದು ಕೆಂಪು, ಒಂದು ಬಿಳಿ ಪಟ್ಟೆ ಬಳಿಯುತ್ತಾರೆ. ಪ್ರತಿ ದಾರಿಗೂ ಒಂದು ನಂಬರು. ಪಟ್ಟಣದ ಜನ ಬಂದು ಆ ಗುರುತು ಹಿಡಿದು ನಡೆಯುತ್ತಾರೆ.

"ನಡೆದು ಎಲ್ಲಿಗೆ ಹೋಗುತ್ತಾರೆ?" ಎಂದು ಕೇಳಿದೆ.

"ಎಲ್ಲಿಗೂ ಇಲ್ಲ. ಸುತ್ತಿ ಹೊರಟಲ್ಲಿಗೇ ಬರುತ್ತಾರೆ" ಎಂದ.

ಒಳಗೆ ಸರೋಜಳಿಗೆ ಇದನ್ನು ಹೇಳಿದೆ. ಅವಳು ಸೌಟು ಹಿಡಿದುಕೊಂಡೇ, "ಹಾಗಾದ್ರೆ ನೀವು ದಿನಾ ಮಾಡೋದೂ ಅದೇ ಅಲ್ವಾ?" ಎಂದಳು.

ಶಾಸನ ನೋಡಿಯಾಯಿತು. ಮರುದಿನ ಆತ ನಮ್ಮ ಬೆಟ್ಟದ ಕಡೆ ಕೈ ತೋರಿಸಿ, ಹೋಗೋಣವೇ ಎಂದ. ಭೂಗೋಳದ ಮೇಷ್ಟ್ರು ಇಲ್ಲ ಎನ್ನುವುದು ಹೇಗೆ? ಒಂದು ಬಾಟಲಿ ನೀರು, ನಾಲ್ಕು ಚಪಾತಿ ಕಟ್ಟಿಸಿಕೊಂಡು, ಮುಂದೆ ನಾನು, ಹಿಂದೆ ಆತ, ಠೀವಿಯಿಂದ ಹೊರಟೆವು. ಒಂದು ಗಂಟೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಒಂದೇ ಬಂಡೆ ಮೂರನೇ ಸಲ ಎದುರಾಯಿತು. ಬ್ರೂನೊ ಸಭ್ಯ ಮನುಷ್ಯ. ಮೊದಲ ಎರಡು ಸಲ ಏನೂ ಹೇಳಲಿಲ್ಲ. ಮೂರನೆಯ ಸಲ ಆ ಬಂಡೆಗೆ ಟೋಪಿ ತೆಗೆದು ನಮಸ್ಕಾರ ಮಾಡಿದ.

ನೀರು ಮುಗಿದಿತ್ತು. ಬಿಸಿಲೇರಿತ್ತು. ಈ ಬೆಟ್ಟದಲ್ಲಿ ಕರಡಿ ಇದೆ ಎಂದು ಇಂಗ್ಲಿಷಿನಲ್ಲಿ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದಾಗ ಪೊದೆಯ ಆಚೆ ಏನೋ ಅಲ್ಲಾಡಿತು. ಹೊರಗೆ ಬಂದದ್ದು ತಲೆಯ ಮೇಲೆ ಸೀತಾಫಲದ ಬುಟ್ಟಿ ಹೊತ್ತ ಹೆಂಗಸು. ಅರವತ್ತರ ಆಸುಪಾಸು. ಗಟ್ಟಿಮುಟ್ಟು. ಬರಿಗಾಲು.

"ಏನ್ ಸಾಮಿ, ಏನ್ ಕಳ್ಕೊಂಡೀರಿ?" ಎಂದಳು.

"ದಾರಿ" ಎಂದೆ.

ಆಕೆ ನಮ್ಮ ಕಾಲು ನೋಡಿ ನಕ್ಕುಬಿಟ್ಟಳು. "ದಾರಿ ಮ್ಯಾಲೇ ನಿಂತೀರಲ್ರಿ!"

ಬಗ್ಗಿ ನೋಡಿದೆ. ನಿಜ. ಬಂಡೆಯ ಮೈ ಮೇಲೆ ಒಂದು ಗೇಣಗಲ ಉಳಿದ ಕಡೆಗಿಂತ ನುಣುಪಾಗಿ, ಕೊಂಚ ತಿಳಿಯಾಗಿತ್ತು. ನೂರಾರು ವರ್ಷದ ಬರಿಗಾಲುಗಳು ಉಜ್ಜಿ ಉಜ್ಜಿ ಮಾಡಿದ ಹೊಳಪು. ಅದು ನಾವು ನಿಂತ ಜಾಗದಿಂದ ಎರಡು ಗುಂಡುಕಲ್ಲುಗಳ ನಡುವೆ ನುಸುಳಿ, ಗಿಡಗಳ ಕೆಳಗೆ ಇಳಿದು ಹೋಗುತ್ತಿತ್ತು. ಒಮ್ಮೆ ಕಂಡ ಮೇಲೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ.

ಹೀಗೆ ನಮಗೆ ಸಿಕ್ಕವಳು ಬೋರಕ್ಕ. ಬೆಟ್ಟದ ಆಚೆಯ ಹಟ್ಟಿಯವಳು. ಸೀತಾಫಲದ ಕಾಲದಲ್ಲಿ ಬೆಟ್ಟ ದಾಟಿ ಬಂದು ಬಸ್ ನಿಲ್ದಾಣದಲ್ಲಿ ಹಣ್ಣು ಮಾರುತ್ತಿದ್ದಳು. ನಾನೇ ಎಷ್ಟೋ ಸಲ ಕೊಂಡಿದ್ದೆ, ಮುಖ ನೋಡಿರಲಿಲ್ಲ. ಅಲ್ಲೇ ಕೂರಿಸಿ ನಮಗಿಬ್ಬರಿಗೂ ಹಣ್ಣು ಬಿಡಿಸಿ ಕೊಟ್ಟಳು. ಆಮೇಲೆ ವಿಚಾರಣೆ ಶುರುವಾಯಿತು. ಈ ಬಿಳಿಯಪ್ಪ ಯಾರು, ಕುರಿ ಕಳೆದುಕೊಂಡಿದ್ದಾನೆಯೇ, ಹರಕೆಯೇ?

"ಏನೂ ಇಲ್ಲ, ಸುಮ್ಮನೆ ನಡೆಯಲು ಬಂದಿದ್ದಾರೆ" ಎಂದೆ.

"ಸುಮ್ಕೆ?"

"ಸುಮ್ಮನೆ."

ಬೋರಕ್ಕ ಬ್ರೂನೊನನ್ನು ಕನಿಕರದಿಂದ ನೋಡಿದಳು. "ಪಾಪ, ಮನ್ಯಾಗೆ ಯಾರೂ ಇಲ್ಲೇನು?" ಎಂದಳು. ಹೆಸರು ಕೇಳಿದಳು. ಬ್ರೂನೊ ಎಂದ. ಆಕೆಯ ಕಿವಿಗೆ ಅದು ಬೋರಣ್ಣ ಎಂದೇ ಬಿತ್ತು. ಮುಖ ಅರಳಿತು. "ನಾ ಬೋರಕ್ಕ, ಇವ್ನು ಬೋರಣ್ಣ. ಹಂಗಾರೆ ನನ್ ತಮ್ಮುಡೇ ಆದ ಬಿಡ್ರಿ!" ಆಂಧ್ರದ ಗಡಿ ಅಲ್ಲಿಂದ ಕೂಗಳತೆಯಲ್ಲಿದೆ. ತೆಲುಗಿನ ತಮ್ಮುಡು, ಕನ್ನಡದ ತಮ್ಮ ಎರಡೂ ಆಕೆಯ ಬುಟ್ಟಿಯಲ್ಲಿ ಒಟ್ಟಿಗೇ ಇರುತ್ತಿದ್ದವು. ಕೈಗೆ ಯಾವುದು ಸಿಕ್ಕಿತೋ ಅದು.

ಬ್ರೂನೊ ಒಂದು ದಿನಕ್ಕೆಂದು ಬಂದವನು ಐದು ದಿನ ಉಳಿದ. ದಿನವೂ ಬೆಳಗ್ಗೆ ಅಕ್ಕನ ಹಿಂದೆ ಹೊರಟ. ನಾನೂ ಹೋದೆ, ದುಭಾಷಿಯಾಗಿ. ಆದರೆ ಅವರಿಗೆ ದುಭಾಷಿ ಬೇಕಿರಲಿಲ್ಲ. ಆಕೆ ಗಿಡ ಮುಟ್ಟಿ ಹೆಸರು ಹೇಳುವಳು, ಆತ ಅದನ್ನೇ ಹೇಳುವನು, ಆಕೆ ತಿದ್ದುವಳು. ಒಮ್ಮೆ ಆಕೆಯ ಬುಟ್ಟಿ ಇಸಿದುಕೊಂಡು ತಲೆಯ ಮೇಲಿಟ್ಟುಕೊಂಡ. ನಾಲ್ಕು ಹೆಜ್ಜೆಗೆ ಹಣ್ಣೆಲ್ಲ ಬೆಟ್ಟ ಇಳಿದು ಹೋದವು. ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕು, ಒಂದೊಂದಾಗಿ ಆರಿಸಿದೆವು. ಹೊರಡುವ ದಿನ ಆತ ತನ್ನ ಊರಿನ ದಾರಿಗಳ ಮಡಿಸುವ ನಕಾಶೆಯೊಂದನ್ನು ನನಗೆ ಕೊಟ್ಟ. ಬೋರಕ್ಕ ಆತನ ಜೋಳಿಗೆಗೆ ಹಣ್ಣು ತುರುಕಿ, "ಹುಷಾರು, ಬಸ್ಸಿನಾಗೆ ಅದ್ರ ಮ್ಯಾಲೆ ಕುಂತ್ಗಬ್ಯಾಡ" ಎಂದಳು. ಆತ ತಲೆಯಾಡಿಸಿ "ಐತೆ, ಐತೆ" ಎಂದ. ಆತನಿಗೆ ಬರುತ್ತಿದ್ದ ಕನ್ನಡದಲ್ಲಿ ಅದೇ ದೊಡ್ಡ ಮಾತು.

ಹಳಗನ್ನಡದಲ್ಲಿ ದಾರಿಗೆ ಬಟ್ಟೆ ಎನ್ನುತ್ತಾರೆ. ದಾರಿ ತಪ್ಪಿದವನು ಬಟ್ಟೆಗೆಟ್ಟವನು. ಇದನ್ನು ನಮ್ಮ ಕನ್ನಡ ಪಂಡಿತರು ಒಮ್ಮೆ ಹೇಳಿದ್ದರು. ಮೊಳಕಾಲ್ಮುರು ರೇಷ್ಮೆ ಸೀರೆಯ ಊರು. ನಮ್ಮ ಬೀದಿಯಲ್ಲಿ ಬೆಳಗಾದರೆ ಮಗ್ಗದ ಸದ್ದು. ಬ್ರೂನೊ ಹೋದ ಮೇಲೆ ನಾನು ಆ ಸದ್ದು ಕೇಳುತ್ತ ಕಿಟಕಿಯಲ್ಲಿ ಕೂತು ಬೆಟ್ಟ ನೋಡುತ್ತಿದ್ದೆ. ಈಗ ಅಲ್ಲಿ ಎಳೆಗಳು ಕಾಣುತ್ತಿದ್ದವು. ಹಾಸಿನಲ್ಲಿ ಒಂದು, ಹೊಕ್ಕಿನಲ್ಲಿ ಒಂದು. ಹಿಂದಿನವರು ನಡೆಯುವ ದಾರಿಗೂ ಉಡುವ ಬಟ್ಟೆಗೂ ಒಂದೇ ಮಾತು ಇಟ್ಟದ್ದು ಎಷ್ಟು ಸರಿ ಎಂದುಕೊಂಡೆ. ಎರಡೂ ಬೇರೆ ಬೇರೆ ಮೂಲದ ಮಾತುಗಳು ಎಂದು ಪಂಡಿತರು ಆಮೇಲೆ ಹೇಳಿದರು. ಆದರೆ ಅಷ್ಟು ಹೊತ್ತಿಗೆ ನನ್ನ ಸಂತೋಷ ತಿದ್ದುಪಡಿಯ ಹಂತ ದಾಟಿತ್ತು.

ನಕಾಶೆಯನ್ನು ಗೋಡೆಗೆ ಅಂಟಿಸಿದ್ದೆ. ದಿನವೂ ನೋಡಿ ನೋಡಿ ತಲೆ ಕೆಟ್ಟಿತು. ಇಟಲಿಯ ಹಳ್ಳಿಗೆ ಇರುವುದು ನಮಗೇಕಿಲ್ಲ? ಬೋರಕ್ಕನನ್ನು ಕಾಯದೆ ನನ್ನಂಥವನೂ ಒಬ್ಬನೇ ಹತ್ತಿ ಇಳಿಯುವಂತಾದರೆ ಎಷ್ಟು ಚೆನ್ನ! ಆಕೆಗೂ ಹೇಳದೆ ಮಾಡಿ, ಒಂದು ದಿನ ಕರೆದುಕೊಂಡು ಹೋಗಿ ಅಚ್ಚರಿಪಡಿಸಬೇಕು. ಹೀಗೆಲ್ಲ ಯೋಚಿಸಿ, ಒಂದು ಡಬ್ಬಿ ಕೆಂಪು, ಒಂದು ಡಬ್ಬಿ ಬಿಳಿ ಪೇಂಟು, ಎರಡು ಬ್ರಷ್ಷು ತಂದೆ. ಒಂದು ಶನಿವಾರ ಮಧ್ಯಾಹ್ನ, ಮರುದಿನ ಭಾನುವಾರ ಬೆಟ್ಟದ ಈ ಬದಿಯಿಂದ ಆಚೆಯ ಹಟ್ಟಿಯ ಅಂಚಿನವರೆಗೆ, ಕಲ್ಲಿನಿಂದ ಕಲ್ಲಿಗೆ, ಕೆಂಪೊಂದು ಬಿಳಿಯೊಂದು ಪಟ್ಟೆ ಬಳಿದೆ. ಒಟ್ಟು ನಲವತ್ತೊಂದು ಗುರುತು. ಸರೋಜ ಒಬ್ಬಳಿಗೆ ಮಾತ್ರ ಗೊತ್ತು. "ಯಾರನ್ನಾದ್ರೂ ಒಂದು ಮಾತು ಕೇಳಿದ್ರಾ?" ಎಂದಳು. "ಬೆಟ್ಟಕ್ಕೆ ಯಾರನ್ನು ಕೇಳೋದು?" ಎಂದೆ.

ಸುದ್ದಿ ಮೂರೇ ದಿನಕ್ಕೆ ಚಹದ ಅಂಗಡಿಗೆ ಬಂತು. ಬೆಟ್ಟದ ಮೇಲೆ ಯಾರೋ ಗುರುತು ಹಾಕಿದ್ದಾರೆ. ಒಬ್ಬ, ಅದು ಅರಣ್ಯದವರ ಬೇಲಿಗೆ ಎಂದ. ಇನ್ನೊಬ್ಬ, ಪೋಲಿಯೊ ಹನಿ ಹಾಕುವವರು ಮನೆಮನೆ ಗೋಡೆಗೆ ಬರೆಯುತ್ತಾರಲ್ಲ, ಹಾಗೆಯೇ ಬಂಡೆಗೂ ಬರೆದಿರಬೇಕು ಎಂದ. ಎಲ್ಲರೂ ನಕ್ಕರು. ಆಗ ದೇವಸಮುದ್ರದ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಕುರಿಯವ ಲೋಟ ಕೆಳಗಿಟ್ಟು ಹೇಳಿದ: "ನಗಬ್ಯಾಡ್ರಲೇ. ನಮ್ಮ ಕಡೆ ಗುಡ್ಡಕ್ಕೂ ಮೊದ್ಲು ಇಂಗೇ ಕೆಂಪು ಬಣ್ಣ ಬಳದ್ರು. ಆರು ತಿಂಗ್ಳಿಗೆ ಮದ್ದು ಇಟ್ಟು ಸಿಡಿಸಿದ್ರು. ಈಗ ಗುಡ್ಡ ಎಲ್ಲೈತೆ? ಜಲ್ಲಿ ಆಗೈತೆ."

ಆಗ ನಾನು ಏನು ಮಾಡಬೇಕಿತ್ತು ಎಂದು ನಿಮಗೂ ಗೊತ್ತು, ನನಗೂ ಗೊತ್ತು. "ಅಯ್ಯೋ, ಅದು ನಾನಪ್ಪಾ" ಎಂದು ಒಂದು ಮಾತು ಹೇಳಿದ್ದರೆ ಎಲ್ಲರೂ ನಕ್ಕು, ನನ್ನನ್ನು ಒಂದು ವಾರ ಆಡಿಕೊಂಡು ಮರೆತುಬಿಡುತ್ತಿದ್ದರು. ನಾನು ಹುಬ್ಬೇರಿಸಿ, "ಹೌದಾ!" ಎಂದೆ. ಎಲ್ಲರಿಗಿಂತ ಜೋರಾಗಿ ಆಶ್ಚರ್ಯಪಟ್ಟವನು ನಾನೇ. ಚಹಾ ಅರ್ಧ ಬಿಟ್ಟು ಮನೆಗೆ ಬಂದೆ.

ಮೊದಲ ದಿನ ಹೇಳದ ಮಾತು ಎರಡನೆಯ ದಿನಕ್ಕೆ ಇನ್ನೂ ಕಷ್ಟವಾಗುತ್ತದೆ. ನಾಲ್ಕನೆಯ ದಿನಕ್ಕೆ ಅಸಾಧ್ಯವಾಗುತ್ತದೆ. ಬಸ್ ನಿಲ್ದಾಣದಲ್ಲಿ ಬೋರಕ್ಕನ ಜಾಗ ಖಾಲಿಯಿತ್ತು. ಹಣ್ಣಿನ ಕೊನೆಯ ದಿನಗಳು, ಬಂದೇ ಬರಬೇಕಾದವಳು. ಏಕೆ ಬಂದಿಲ್ಲ ಎಂದು ಪಕ್ಕದ ಹೂವಿನವಳನ್ನು ಕೇಳುವ ಧೈರ್ಯವೂ ನನಗಾಗಲಿಲ್ಲ.

ಶನಿವಾರ ಹಟ್ಟಿಯ ಯಜಮಾನ ಪಾಲಯ್ಯನವರು ಶಾಲೆಗೇ ಬಂದರು. ಎತ್ತರದ ಆಳು, ಹೆಗಲ ಮೇಲೆ ಕಂಬಳಿ. ನಾಳೆ ಬೆಳಗ್ಗೆ ಹಟ್ಟಿಯಲ್ಲಿ ಜನ ಸೇರುತ್ತಾರೆ, ತಾಲ್ಲೂಕು ಕಚೇರಿಗೆ ಅರ್ಜಿ ಬರೆಯಬೇಕು, ನಮಗೆ ಬರಹ ಗೊತ್ತಿಲ್ಲ, ನೀವೇ ಬಂದು ಬರೆದುಕೊಡಬೇಕು ಎಂದರು. ಬಣ್ಣ ಬಳಿದವರು ಯಾರೆಂದು ಪತ್ತೆ ಮಾಡಿ, ಬೆಟ್ಟ ಬಿಡಿಸಿಕೊಡಿ ಎಂದು ಅರ್ಜಿ! ಬಣ್ಣ ಬಳಿದವನೇ ಬರೆಯಬೇಕು. ರಾತ್ರಿ ಎಲ್ಲವನ್ನೂ ಸರೋಜಳಿಗೆ ಹೇಳಿದೆ. ಸರೋಜ ನನ್ನ ಮುಖ ನೋಡಿ, "ನಾಳೆ ಹೋಗಿ ಹೇಳಿ ಬನ್ನಿ. ಅವರು ಹೊಡೆದರೆ ಹೊಡೆಸಿಕೊಳ್ಳಿ" ಎಂದಳು.

ಬೇವಿನ ಮರದ ಕೆಳಗೆ ಜನ ಸೇರಿದ್ದರು. ನನಗೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟರು. ಬೋರಕ್ಕ ಒಂದು ಪಕ್ಕ ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ಆಕೆಯೇ ಮೊದಲು ಮಾತಾಡಿದಳು. "ಬರ್ಕಳ್ರಿ ಮೇಷ್ಟ್ರೇ. ಮೂರು ದಿನ ಆ ಕಲ್ಲಿನ ಹತ್ರನೇ ಕುಂತಿದ್ದೆ. ಯಾವನ್ ಬರ್ತಾನೋ ನೋಡಾನ ಅಂತ. ಹಣ್ಣೆಲ್ಲ ಗಿಡದಾಗೇ ಒಡದು ಹಕ್ಕಿ ಪಾಲಾತು. ಹೋಗ್ಲಿ. ಬೆಟ್ಟಾನೇ ಹೋದ್ರೆ ನಾವೆಲ್ಲಿ ಹೋಗಾನ?"

ಕಾಗದ ತೊಡೆಯ ಮೇಲಿತ್ತು, ಪೆನ್ನು ಕೈಯಲ್ಲಿತ್ತು. ಅಷ್ಟರಲ್ಲಿ ಬೋರಕ್ಕನ ಕಣ್ಣು, ಚಾಪೆಯ ಅಂಚಿನಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಯ ಮೇಲೆ ಬಿತ್ತು. ಅಲ್ಲಿಯೇ ನಿಂತಿತು. ಎಡಗಾಲಿನದರ ಮೇಲೆ ಎರಡು ಹನಿ ಕೆಂಪು, ಒಂದು ಹನಿ ಬಿಳಿ.

"ಮೇಷ್ಟ್ರೇ," ಎಂದಳು ಮೆಲ್ಲಗೆ, "ನಿಮ್ ಚಪ್ಲಿ ಮ್ಯಾಲೆ ಅದೇನ್ರಿ?"

"ಬೋರಕ್ಕ, ಅದು ನಾನೇ" ಎಂದೆ. ಒಂದು ಸಲ ಬಾಯಿ ಬಿಟ್ಟಮೇಲೆ ಎಲ್ಲವೂ ಬಂತು. ಬ್ರೂನೊ, ಆತನ ಊರು, ನಕಾಶೆ, ಚಹದ ಅಂಗಡಿ. ಕೊನೆಗೆ, ಗೊತ್ತಿದ್ದೂ ನಾಲ್ಕು ದಿನ ಹೇಳಲಿಲ್ಲ ಎಂಬುದನ್ನೂ ಹೇಳಿದೆ. ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಬೇಗ ಮುಗಿಯುತ್ತಿತ್ತು. ಒಬ್ಬ ಯುವಕ ಎದ್ದು, "ಓದಿದೋರ ಬುದ್ಧಿ ನೋಡು" ಎಂದ. ಪಾಲಯ್ಯನವರು ಅವನನ್ನು ಕೂರಿಸಿದರು. ಬೋರಕ್ಕ ಎದ್ದು ಸೆರಗು ಕೊಡವಿ, ನನ್ನ ಕಡೆ ನೋಡದೆ ಹೊರಟುಹೋದಳು.

"ಬಳದೋರು ನೀವು. ಒರ್ಸೋರೂ ನೀವೇ" ಎಂದರು ಪಾಲಯ್ಯನವರು. "ಒಂದೂ ಉಳೀಬಾರ್ದು."

ಅಂದೇ ಶುರುಮಾಡಿದೆ. ಮನೆಗೆ ಬಂದು ಒಂದು ಸೀಮೆಎಣ್ಣೆ ಡಬ್ಬಿ, ಸರೋಜ ಹರಿದುಕೊಟ್ಟ ಹಳೆಯ ಸೀರೆಯ ತುಂಡುಗಳು, ಒಂದು ತಂತಿಯ ಬ್ರಷ್ಷು ತಗೊಂಡು ಹತ್ತಿದೆ. ಬಳಿಯುವುದು ಎಷ್ಟು ಸುಲಭ! ಒಂದು ಗುರುತು ಬಳಿಯಲು ಒಂದು ನಿಮಿಷ, ತೆಗೆಯಲು ಅರ್ಧ ಗಂಟೆ. ನಮ್ಮ ಬಂಡೆ ತರಿತರಿ, ಬಣ್ಣ ಅದರ ಒಂದೊಂದು ರಂಧ್ರಕ್ಕೂ ಇಳಿದು ಕೂತಿತ್ತು. ಉಜ್ಜುವಾಗ ಸಿದ್ದಾಪುರದ ಆ ಚಕ್ರವರ್ತಿ ನೆನಪಾದ. ಅವನೂ ಜನರ ಒಳಿತಿಗೆಂದೇ ಕಲ್ಲಿನ ಮೇಲೆ ಬರೆಸಿದ. ಬರೆಸುವ ಮುಂಚೆ ಅವನು ಯಾರನ್ನಾದರೂ ಕೇಳಿದನೋ ಇಲ್ಲವೋ ಗೊತ್ತಿಲ್ಲ. ಒಟ್ಟಿನಲ್ಲಿ ಅವನ ಕೈಗೆ ಸೀಮೆಎಣ್ಣೆ ಡಬ್ಬಿ ಕೊಡುವ ಪಾಲಯ್ಯ ಯಾರೂ ಇರಲಿಲ್ಲ.

ಮೂರು ಭಾನುವಾರ ಹಿಡಿಯಿತು. ಒರೆಸಬೇಕೆಂದರೆ ಗುರುತನ್ನು ಹುಡುಕಬೇಕು. ಹುಡುಕಬೇಕೆಂದರೆ ದಾರಿ ನೋಡಬೇಕು. ಒರೆಸಿದ ಮೇಲೆ ಅದು ನೆರವಿಗೆ ಬರುವುದಿಲ್ಲ, ಮುಂದಿನ ವಾರ ಅಲ್ಲಿಗೆ ಬರಲು ಬೇರೇನಾದರೂ ನೆನಪಿಟ್ಟುಕೊಳ್ಳಬೇಕು. ಹಾಗಾಗಿ ನೆನಪಿಟ್ಟುಕೊಂಡೆ. ಇಲ್ಲಿ ಗುಂಡುಕಲ್ಲಿಗೆ ಆತು ಬಾಗಿದ ಕಮರದ ಗಿಡ. ಇಲ್ಲಿ ಮಳೆಯ ನೀರು ನಿಲ್ಲುವ ಬಾನಿಯಂಥ ಕುಳಿ. ಇಲ್ಲಿ ನವಿಲು ಕೂರುವ ಹಾಸುಗಲ್ಲು. ಮೂರನೆಯ ಭಾನುವಾರ ಮಧ್ಯಾಹ್ನ ನಲವತ್ತು ಗುರುತು ಮುಗಿಸಿ ಬೆನ್ನು ನೆಟ್ಟಗೆ ಮಾಡಿದಾಗ, ಇಡೀ ದಿನ ನಾನು ಒಮ್ಮೆಯೂ ದಾರಿ ತಪ್ಪಿಲ್ಲ ಎಂಬುದು ಹೊಳೆಯಿತು. ಒಬ್ಬನೇ ನಿಂತು ಜೋರಾಗಿ ನಕ್ಕೆ.

ಆದರೆ ನಲವತ್ತೊಂದನೆಯದು ಸಿಗಲಿಲ್ಲ. ಹಿಂದೆ ಹೋದೆ, ಮುಂದೆ ಬಂದೆ. ಇಲ್ಲ.

"ಅಗಾ, ಆ ಗುಂಡಿನ ಬೆನ್ನಾಗೆ ಐತೆ ನೋಡು. ಅದನ್ಯಾಕೆ ಬಿಟ್ಟೆ?"

ತಲೆಯೆತ್ತಿದೆ. ಮೇಲಿನ ಬಂಡೆಯ ಮೇಲೆ ಬೋರಕ್ಕ ಕಾಲು ಇಳಿಬಿಟ್ಟು ಕೂತಿದ್ದಳು. ಎಷ್ಟು ಹೊತ್ತಿನಿಂದಲೋ. ನಾನು ನಕ್ಕದ್ದನ್ನೂ ನೋಡಿರಬೇಕು. ಆಕೆ ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ದೊಡ್ಡ ದೊಡ್ಡ ಸನ್ಮಾನಗಳಲ್ಲಿ ಶಾಲು ಹೊದೆಸಿಕೊಂಡವರಿಗೆ ಆಗುವ ಸಂತೋಷ ನನಗೆ ಆಗ ಆಯಿತು.

ಗುರುತು ಒರೆಸಿದೆ. ಆಕೆ ಇಳಿದು ಬಂದು, ಬೆರಳಿಂದ ಕಲ್ಲು ಸವರಿ ನೋಡಿ, ಸರಿ ಎಂದಳು. ಸೊಂಟದ ಗಂಟಿನಿಂದ ಹುರಿದ ಶೇಂಗಾ ತೆಗೆದು ನನ್ನ ಕೈಗೆ ಹಾಕಿದಳು. ಸ್ವಲ್ಪ ಹೊತ್ತು ಇಬ್ಬರೂ ಸಿಪ್ಪೆ ಸುಲಿದೆವು.

"ನಿಂಗೆ ದಾರಿ ನೆಪ್ಪಿರಬೇಕು ಅಂದ್ರೆ ನನ್ನ ಕೇಳಬಾರ್ದಿತ್ತಾ?" ಎಂದಳು. "ಎಲ್ಲದಕ್ಕೂ ಹೆಸ್ರೈತೆ. ಪುಸ್ತಕ ತಕ್ಕಂಡ್ ಬಾ. ಕಲ್ಲಿನ ಮ್ಯಾಲೆ ಬ್ಯಾಡ, ಪುಸ್ತಕದಾಗೆ ಬರ್ಕೋ."

ಮುಂದಿನ ಭಾನುವಾರಗಳು ನನ್ನ ಜೀವನದ ಅತ್ಯಂತ ಸುಖದ ದಿನಗಳೆಂದರೆ ಸರೋಜ ಬೇಸರ ಮಾಡಿಕೊಳ್ಳುವುದಿಲ್ಲ. ಅವಳೂ ಬರತೊಡಗಿದ್ದಳು. ಬೋರಕ್ಕ ಮುಂದೆ ನಡೆಯುತ್ತ, ಕೋಲಿನಿಂದ ತಟ್ಟಿ ಹೆಸರು ಹೇಳುವಳು, ನಾನು ಬರೆಯುವೆ. ಹಾಲು ಚೆಲ್ಲಿದ ಏರು. ಎಮ್ಮೆ ಬೆನ್ನು. ಬೀಗರು ತಿರುಗಿದ ಮೂಲೆ: ಹೆಣ್ಣು ನೋಡಲು ಹೊರಟವರು ಏರು ಹತ್ತಲಾರದೆ ಅಲ್ಲಿಂದಲೇ ವಾಪಸು ಹೋದರಂತೆ. ಆ ಹೆಣ್ಣು ಯಾರು ಎಂದು ಸರೋಜ ಕೇಳಿದಳು. "ನಾನೇ ಕಣವ್ವ" ಎಂದಳು ಬೋರಕ್ಕ. "ಆಮ್ಯಾಕೆ ಹತ್ತಬಲ್ಲೋನೇ ಸಿಕ್ಕ." ಅತ್ತೆಸೊಸೆ ಗುಂಡು ಎಂಬುದೊಂದಿತ್ತು. ಎರಡು ಬಂಡೆ, ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತದ್ದು. ಅದಕ್ಕೆ ವಿವರಣೆ ಯಾರೂ ಕೇಳಲಿಲ್ಲ.

ಅರವತ್ತೆಂಟು ಹೆಸರು ಆದವು. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ನಕಾಶೆ ಬರೆದೆ. ಹಟ್ಟಿಯ ಬೇವಿನ ಮರದ ಕೆಳಗೆ ಅದನ್ನು ಹರಡಿ ಒಂದೊಂದೇ ಓದಿದೆ. ಮುದುಕರು ತಿದ್ದಿದರು. ಎರಡು ಹೆಸರಿಗೆ ದೊಡ್ಡ ಜಗಳವಾಯಿತು, ಎರಡೂ ಪಕ್ಷದ ಹೆಸರನ್ನು ಬರೆದುಕೊಂಡೆ. ನನ್ನ ಮೇಲೆ ರೇಗಿದ್ದ ಆ ಯುವಕ, ತನ್ನ ಅಜ್ಜಿಯಿಂದ ಕೇಳಿದ ಮೂರು ಹೆಸರು ಸೇರಿಸಿಕೊಟ್ಟ. ಪಾಲಯ್ಯನವರು ಕೊನೆಗೆ, "ಈಗ ಬೆಟ್ಟ ಯಾರ್ದು ಅಂತ ಯಾವನಾರ ಕೇಳಿದ್ರೆ ತೋರ್ಸಾಕೆ ಒಂದು ಕಾಗ್ದ ಆತು" ಎಂದರು. ಹಾಗೆ ಅದರ ಒಂದು ಪ್ರತಿ ಹಟ್ಟಿಯ ಶಾಲೆಯ ಗೋಡೆಗೆ ಹೋಯಿತು, ಒಂದು ನಮ್ಮ ಹೈಸ್ಕೂಲಿಗೆ. ಇನ್ನೊಂದನ್ನು ಮಡಿಸಿ, ಹೆಸರುಗಳ ಅರ್ಥವನ್ನು ನನ್ನ ಇಂಗ್ಲಿಷಿನಲ್ಲಿ ಬರೆದು ಬ್ರೂನೊನಿಗೆ ಕಳಿಸಿದೆ. ಅತ್ತೆಸೊಸೆ ಗುಂಡಿಗೆ ಅಲ್ಲೂ ವಿವರಣೆ ಬೇಕಾಗಲಾರದು ಎಂದುಕೊಂಡು ಬಿಟ್ಟೆ.

ಎರಡು ತಿಂಗಳಿಗೆ ಉತ್ತರ ಬಂತು. ಬೋರಕ್ಕನನ್ನು ಕೂರಿಸಿ ಓದಿ ಹೇಳಿದೆ. ಆತನ ಊರಿನ ಗೆಳೆಯರೆಲ್ಲ ಅಂಗಡಿಯ ಮೇಜಿನ ಮೇಲೆ ನಮ್ಮ ನಕಾಶೆ ಹರಡಿಕೊಂಡು ನೋಡಿದರಂತೆ. ನಮ್ಮ ದಾರಿಗಳಿಗೂ ಹಿಂದೆ ಹೆಸರಿದ್ದವಲ್ಲ ಎಂದು ಒಬ್ಬ ಮುದುಕ ಹೇಳಿದನಂತೆ. ಅಂದಿನಿಂದ ದಿನವೂ ಸಂಜೆ ಅದೇ ಮಾತು, ಅದೇ ಜಗಳ. ಏಳನೇ ನಂಬರಿನ ದಾರಿಗೆ ಈಗಾಗಲೇ ನಾಲ್ಕು ಹೆಸರು ಸಿಕ್ಕಿವೆ, ಇಬ್ಬರು ಮಾತು ಬಿಟ್ಟಿದ್ದಾರೆ, ಎಲ್ಲರೂ ಬಹಳ ಸಂತೋಷವಾಗಿದ್ದೇವೆ ಎಂದು ಬರೆದಿದ್ದ. ಬೋರಕ್ಕ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಮುಂದಿನ ವರ್ಷ ಮಳೆ ಚೆನ್ನಾಗಿ ಆಯಿತು. ಒಂದು ಭಾನುವಾರ ನಾವು ಮೂವರೂ ಬೆಟ್ಟದ ನೆತ್ತಿಯ ಮೇಲೆ ಕೂತು ಬುತ್ತಿ ಬಿಚ್ಚಿದ್ದೆವು. ಕೆಳಗೆ ಒಂದು ಕಡೆ ಊರು, ಇನ್ನೊಂದು ಕಡೆ ಹಟ್ಟಿ, ದೂರದಲ್ಲಿ ಕೊಂಡ್ಲಹಳ್ಳಿಯ ಕಡೆಯ ಹೊಲಗಳು ಹಸಿರು ಚೌಕಗಳಾಗಿ ಬಿದ್ದಿದ್ದವು. ಗಾಳಿ ತಂಪಾಗಿತ್ತು. ಪಡುವಣಕ್ಕೆ ಬೆಟ್ಟದ ಇನ್ನೊಂದು ಮಗ್ಗುಲು ಇಳಿದು, ಎರಡು ದೊಡ್ಡ ಗುಂಡುಗಳ ನಡುವೆ ಮರೆಯಾಗುತ್ತಿತ್ತು. ನನ್ನ ನಕಾಶೆಯಲ್ಲಿ ಆ ಭಾಗ ಖಾಲಿ ಇತ್ತು.

"ಆ ಕಡೆಗೆ ಏನು ಹೆಸರು, ಬೋರಕ್ಕ?" ಎಂದೆ.

ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಅತ್ತ ನೋಡಿದಳು.

"ಗೊತ್ತಿಲ್ಲ ಕಣಪ್ಪ. ಅಲ್ಲಿ ಹಣ್ಣಿಲ್ಲ, ಸೌದೆ ಇಲ್ಲ, ಮೇವಿಲ್ಲ. ಹೋಗಾ ಕೆಲ್ಸನೇ ಬಿದ್ದಿಲ್ಲ. ಹುಟ್ಟಿದಾಗಿಂದ ಈ ಬೆಟ್ಟದಾಗೇ ಇದೀನಿ, ಆ ಕಡೀಕೆ ಕಾಲಿಟ್ಟಿಲ್ಲ ನೋಡು."

ಕೈ ಒರೆಸಿಕೊಂಡಳು. ಬುಟ್ಟಿಯನ್ನು ಬಂಡೆಯ ನೆರಳಿಗೆ ತಳ್ಳಿ, ಅದರ ಮೇಲೆ ಒಂದು ಕಲ್ಲಿಟ್ಟು, ಸೆರಗು ಬಿಗಿದು ಎದ್ದು ನಿಂತಳು.

"ಏಳ್ರಿ. ಏನೈತೆ ನೋಡ್ಕಂಡ್ ಬರಾನ."

"ಯಾಕೆ?" ಎಂದಳು ಸರೋಜ, ಬೇಕೆಂದೇ.

"ಸುಮ್ಕೆ" ಎಂದಳು ಬೋರಕ್ಕ. ನಾವು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಆ ಎರಡು ಗುಂಡುಗಳ ಕಡೆಗೆ ಅರ್ಧ ದಾರಿ ಇಳಿದಿದ್ದಳು.